ಕ್ರಿಕೆಟ್ ಮುಖಪುಟ ಮತ್ತು ಅಮ್ಮನ ಬಾಡಿಗೆ ಪುಸ್ತಕ

ಮಂಗಳೂರಿನ ಉರ್ವದ ಓದುಗರೊಬ್ಬರ ಪತ್ರ ಇದು. ಮನೆ ಬದಲಿಸುವಾಗ ಅವರಿಗೆ ನಮ್ಮ ಪತ್ರಿಕೆಯ 2020ರ ಅಕ್ಟೋಬರ್ ಸಂಚಿಕೆ ಸಿಕ್ಕಿತಂತೆ. ಮುಖಪುಟದಲ್ಲಿ ಐಪಿಎಲ್. ಆ ಸಂಚಿಕೆ ಮನೆಗೆ ಬಂದ ವಾರವೇ ಅವರ ಮಾಲೀಕರು ಮನೆ ಬಿಡಿ ಎಂದಿದ್ದರು. ಪತ್ರ ಬರೆದವರು ಜಿಮ್ ಟ್ರೇನರ್. ಕೊರೊನಾ ಲಾಕ್‌ಡೌನ್‌ಗೆ ಮಾರ್ಚ್‌ನಲ್ಲಿ ಮುಚ್ಚಿದ ಜಿಮ್‌ಗಳಿಗೆ ಮತ್ತೆ ಬಾಗಿಲು ತೆರೆಯಲು ಅನುಮತಿ ಸಿಕ್ಕಿದ್ದು ಆಗಸ್ಟ್ 5ಕ್ಕೆ. ತೆರೆದ ಮೇಲೂ ಜನ ಬರಲಿಲ್ಲ. "ನಾವು ಬಾಡಿಗೆಗೆ ಸಾಯುತ್ತಿದ್ದಾಗ ನೀವು ಸಿಕ್ಸರ್ ಎಣಿಸುತ್ತಿದ್ದಿರಿ. ಇಎಂಐ ಇದ್ದವರಿಗೆ ಕಂತು ಮುಂದೂಡುವ ಮೊರಟೋರಿಯಂ ಕೊಟ್ಟರು, ಆಟಗಾರರಿಗೆ ವಿಮಾನ ಕೊಟ್ಟರು, ಬಾಡಿಗೆಯವರಿಗೆ ಎಂತ ಕೊಟ್ಟರು? ನಿಮಗೆ ಈಗಲಾದರೂ ನಾಚಿಕೆ ಆಗುತ್ತದಾ?" ಎಂದು ಕೇಳಿದ್ದಾರೆ. ಈಗಿನ ಬಾಡಿಗೆ ಯಾಕೆ ಇಷ್ಟು ಏರಿತು ಎಂದೂ ಕೊನೆಗೆ ಕೇಳಿದ್ದಾರೆ.

ಪ್ರಿಯ ಓದುಗರೇ,

ನಿಮ್ಮ ಪತ್ರ ಬಂದು ಹತ್ತು ದಿನ ಆಯಿತು. ಎರಡು ಸಲ ಉತ್ತರ ಬರೆದು ಹರಿದು ಹಾಕಿದೆ. ಮೊದಲನೆಯದರಲ್ಲಿ ನಾನು ಭಾರೀ ಒಳ್ಳೆಯವನಾಗಿ ಕಾಣುತ್ತಿದ್ದೆ. ಎರಡನೆಯದರಲ್ಲಿ ನಿಮಗೇ ಬುದ್ಧಿ ಹೇಳಲು ಹೊರಟಿದ್ದೆ. ಇದು ಮೂರನೆಯದು.

ಮೊದಲು ಮುಖಪುಟದ ವಿಷಯ ಹೇಳಿಬಿಡುತ್ತೇನೆ. ಆ ವರ್ಷ ಜಾಹೀರಾತು ನಿಂತುಹೋಗಿತ್ತು. ಪುಟಗಳನ್ನು ಇಳಿಸಿದ್ದೆವು, ಸಂಬಳ ಅರ್ಧ ಮಾಡಿದ್ದೆವು, ನನ್ನದೂ ಸೇರಿ. ಸೆಪ್ಟೆಂಬರ್ 24ರಂದು ದುಬೈಯಲ್ಲಿ ಕೆ.ಎಲ್. ರಾಹುಲ್ 69 ಎಸೆತಗಳಲ್ಲಿ 132 ಹೊಡೆದರು, ಔಟಾಗಲಿಲ್ಲ. ಹೊಡೆದದ್ದು ಬೆಂಗಳೂರು ತಂಡಕ್ಕೆ. ಅತ್ತ ಆರ್‌ಸಿಬಿ, ಇತ್ತ ಸುರತ್ಕಲ್‌ನಲ್ಲಿ ಬೆಳೆದ ಹುಡುಗ. ಯಾರಿಗೆ ಚಪ್ಪಾಳೆ ಹೊಡೆಯುವುದು ಎಂದು ಇಡೀ ಊರಿಗೆ ಗೊಂದಲ. ಅಂಥ ಮುಖಪುಟ ಹಾಕಿದರೆ ನಾಲ್ಕು ಪ್ರತಿ ಜಾಸ್ತಿ ಹೋಗುತ್ತದೆ ಎಂದು ನನಗೆ ಗೊತ್ತಿತ್ತು. ಹಾಕಿದೆ. ಹೋಯಿತು. ನಮ್ಮ ಕಚೇರಿಯ ಬಾಡಿಗೆಗೂ ಅದೇ ದಾರಿ ಇದ್ದದ್ದು, ಮಾರಾಯ್ರೆ.

ಹಾಗಾಗಿ ಮುಖಪುಟದ ಬಗ್ಗೆ ನಾಚಿಕೆ ಇಲ್ಲ. ನಾಚಿಕೆ ಇರುವುದು ಒಳಪುಟದ ಬಗ್ಗೆ. ಅದಕ್ಕೆ ಆಮೇಲೆ ಬರುತ್ತೇನೆ.

ಆಟಗಾರರಿಗೆ ವಿಮಾನ ಯಾಕೆ ಸಿಕ್ಕಿತು ಎಂದಿರಿ. ದುಡ್ಡು. ಬೇರೇನಿಲ್ಲ. 2018ರಿಂದ 2022ರವರೆಗಿನ ಐದು ವರ್ಷಕ್ಕೆ ಐಪಿಎಲ್ ಪ್ರಸಾರದ ಹಕ್ಕನ್ನು ಸ್ಟಾರ್ ಇಂಡಿಯಾ 16,347.5 ಕೋಟಿ ರೂಪಾಯಿಗೆ ಪಡೆದಿತ್ತು. ಸೀಸನ್‌ಗೆ 60 ಪಂದ್ಯ ಎಂದು ಭಾಗಿಸಿ ನೋಡಿ, ಪಂದ್ಯ ಒಂದಕ್ಕೆ ಸುಮಾರು 54 ಕೋಟಿ. ಆಟ ನಡೆಯದಿದ್ದರೆ ಆ ದುಡ್ಡು ಬರುವುದಿಲ್ಲ. ಮಾರ್ಚ್ 29ಕ್ಕೆ ಶುರುವಾಗಬೇಕಿದ್ದ ಟೂರ್ನಿ ಸೆಪ್ಟೆಂಬರ್ 19ಕ್ಕೆ ಯುಎಇಯಲ್ಲಿ ಶುರುವಾಯಿತು. ದುಬೈ, ಅಬುಧಾಬಿ, ಶಾರ್ಜಾ, ಮೂರೇ ಮೈದಾನ. ಗ್ಯಾಲರಿ ಖಾಲಿ, ಟಿವಿಯಲ್ಲಿ ಮಾತ್ರ ರೆಕಾರ್ಡ್ ಮಾಡಿದ ಗದ್ದಲ. 53 ದಿನ ಹೊರಗಿನವರ ಸಂಪರ್ಕವಿಲ್ಲದ ಬಯೋ ಬಬಲ್ ಎಂಬ ಗುಳ್ಳೆಯೊಳಗೆ ಹೋಟೆಲು, ಬಸ್ಸು, ಮೈದಾನ, ಮತ್ತೆ ಹೋಟೆಲು. ಒಂದು ತಂಡದಲ್ಲಂತೂ ಹೋದ ಕೂಡಲೇ 13 ಜನರಿಗೆ ಪಾಸಿಟಿವ್ ಬಂತು. ಆದರೂ ನಿಲ್ಲಿಸಲಿಲ್ಲ.

ಇದರಲ್ಲಿ ನಮ್ಮೂರಿನವರಿಗೆ ಕಣ್ಣಿಗೆ ಚುಚ್ಚುವ ಒಂದು ಸಂಗತಿ ಉಂಟು. ಮೇ 12ರ ರಾತ್ರಿ, ವಿದೇಶದಲ್ಲಿ ಸಿಕ್ಕಿಕೊಂಡವರನ್ನು ಕರೆತರುವ ವಂದೇ ಭಾರತ್ ಮಿಷನ್‌ನ ಮೊದಲ ವಿಮಾನ ಮಂಗಳೂರಿಗೆ ಬಂದದ್ದು ಅದೇ ದುಬೈಯಿಂದ. ಗರ್ಭಿಣಿಯರು, ಕೆಲಸ ಹೋದವರು, ವೀಸಾ ಮುಗಿದವರು. ಅಲ್ಲಿಯ ಸಂಬಳ ನಂಬಿ ಇಲ್ಲಿ ಮನೆ ಸಾಲ ಮಾಡಿದ್ದವರು ಅವರಲ್ಲಿ ಎಷ್ಟೋ ಜನ. ಅವರು ಖಾಲಿ ಕೈಯಲ್ಲಿ ಬಂದ ಮೂರು ತಿಂಗಳಿಗೆ ಕ್ರಿಕೆಟಿಗರು ಆ ಕಡೆ ಹೋದರು. ಈ ಎರಡು ವಿಮಾನಗಳನ್ನು ಒಂದೇ ಪುಟದಲ್ಲಿ ಇಡುವ ಬುದ್ಧಿ ಆಗ ನನಗೆ ಬರಲಿಲ್ಲ.

ಈಗ ಮೊರಟೋರಿಯಂ. ಇಲ್ಲಿ ಮಾತ್ರ ನಿಮ್ಮ ಮಾತು ಅಷ್ಟು ಸರಿ ಇಲ್ಲ. ರಿಸರ್ವ್ ಬ್ಯಾಂಕ್ ಮಾರ್ಚ್ 27ರಂದು ಮೂರು ತಿಂಗಳು ಕಂತು ಮುಂದೂಡಲು ಅವಕಾಶ ಕೊಟ್ಟಿತು, ಮೇ ತಿಂಗಳಲ್ಲಿ ಅದನ್ನು ಆಗಸ್ಟ್ 31ರವರೆಗೆ ಎಳೆಯಿತು. ಒಟ್ಟು ಆರು ಕಂತು. ಮುಂದೂಡಿದ್ದು, ಮನ್ನಾ ಮಾಡಿದ್ದಲ್ಲ. ಬಡ್ಡಿ ಓಡುತ್ತಲೇ ಇತ್ತು. ಬಡ್ಡಿಯ ಮೇಲಿನ ಬಡ್ಡಿಯನ್ನು 2 ಕೋಟಿವರೆಗಿನ ಸಾಲಗಳಿಗೆ ಸರ್ಕಾರ ಆಮೇಲೆ ಭರಿಸಿತು, ಆದರೆ ಮೂಲ ಬಡ್ಡಿ ತಪ್ಪಲಿಲ್ಲ. ಒಂದು ಲೆಕ್ಕ ಹೇಳುತ್ತೇನೆ. ಆಗಷ್ಟೇ 20 ಲಕ್ಷ ಸಾಲ ತೆಗೆದವರು, 20 ವರ್ಷಕ್ಕೆ, ಶೇಕಡಾ 8 ಬಡ್ಡಿಗೆ. ಕಂತು ಸುಮಾರು 16,700. ಆರು ಕಂತು ಬಿಟ್ಟರೆ ಸಾಲಕ್ಕೆ ಸುಮಾರು 80,000 ಸೇರುತ್ತದೆ. ಬಡ್ಡಿ ದರ ಹಾಗೇ ಇದ್ದು, ಅದೇ ಕಂತನ್ನು ಮುಂದುವರಿಸಿದರೆ 240 ಕಂತಿನಲ್ಲಿ ಮುಗಿಯಬೇಕಾದ ಸಾಲ ಹೆಚ್ಚುಕಡಿಮೆ 265ಕ್ಕೆ ಹೋಗುತ್ತದೆ. ಆರು ತಿಂಗಳ ಉಸಿರಿಗೆ ಎರಡು ವರ್ಷದ ಕಂತು. ನನ್ನ ಸಹೋದ್ಯೋಗಿಯೊಬ್ಬರು ಬ್ಯಾಂಕಿನ ಮೆಸೇಜ್ ನೋಡಿ ಖುಷಿಯಲ್ಲಿ 'ಎಸ್' ಒತ್ತಿ, ಸಾಲದ ಅವಧಿ ನೋಡಿ ಮಂಡೆ ಬಿಸಿ ಮಾಡಿಕೊಂಡದ್ದು ನನ್ನ ಎದುರೇ.

ಬಾಡಿಗೆಯವರಿಗೆ ಎಂತ ಕೊಟ್ಟರು ಎಂಬ ಪ್ರಶ್ನೆ ಮಾತ್ರ ನ್ಯಾಯದ್ದು. ಕೇಂದ್ರ ಗೃಹ ಇಲಾಖೆ ಮಾರ್ಚ್ 29ಕ್ಕೆ ಒಂದು ಆದೇಶ ಹೊರಡಿಸಿತ್ತು. ವಲಸೆ ಕಾರ್ಮಿಕರೂ ಸೇರಿದಂತೆ ಕೆಲಸಗಾರರಿಂದ ಮಾಲೀಕರು ಒಂದು ತಿಂಗಳು ಬಾಡಿಗೆ ಕೇಳಬಾರದು. ಕೂಲಿಯವರನ್ನು, ವಿದ್ಯಾರ್ಥಿಗಳನ್ನು ಮನೆಯಿಂದ ಎಬ್ಬಿಸಿದರೆ ಕ್ರಮ. ಅಷ್ಟೇ. ಕೇಳಬಾರದು ಎಂದಿತ್ತು, ಬಿಡಬೇಕು ಎಂದಿರಲಿಲ್ಲ. ಎರಡನೇ ತಿಂಗಳಿಗೆ ಏನೂ ಇರಲಿಲ್ಲ. ಮಾಲೀಕರಿಗೆ ಆ ಬಾಡಿಗೆ ಯಾರು ತುಂಬಿಕೊಡುತ್ತಾರೆ ಎಂಬ ಮಾತೂ ಇರಲಿಲ್ಲ. ಅಂದರೆ ಇಬ್ಬರನ್ನೂ ಒಂದು ಮೆಟ್ಟಿಲ ಮೇಲೆ ನಿಲ್ಲಿಸಿ, ನೀವೇ ಮಾತಾಡಿಕೊಳ್ಳಿ ಎಂದ ಹಾಗೆ.

ಆ ಮೆಟ್ಟಿಲು ನನಗೆ ಚೆನ್ನಾಗಿ ಗೊತ್ತು. ಯಾಕೆಂದರೆ ನಾನು ಮಾಲೀಕರ ಕಡೆಯವನು.

ಬಿಜೈಯಲ್ಲಿ ನಮ್ಮದೊಂದು ಹಳೆಯ ಮನೆ ಉಂಟು. ಕೆಳಗೆ ಅಮ್ಮ ಮತ್ತು ನಾವು, ಮೇಲೆ ಬಾಡಿಗೆಯವರು. ಅಪ್ಪ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಿದ್ದವರು, ಪಿಂಚಣಿ ಇಲ್ಲ. ಮೇಲಿನ ಮನೆಯ 7,500 ರೂಪಾಯಿಯೇ ಅಮ್ಮನ ಪಿಂಚಣಿ. ಬಿಪಿ ಮಾತ್ರೆ, ಕರೆಂಟು ಬಿಲ್ಲು, ಮನೆ ತೆರಿಗೆ, ಎಲ್ಲಾ ಅದರಲ್ಲಿ. ಬಾಡಿಗೆಯವರು ಎಂದ ಕೂಡಲೇ ಅಮ್ಮನಿಗೆ ಒಂದು ಹಳೆಯ ಹೆದರಿಕೆಯೂ ಉಂಟು. ಅವರ ತವರಿನ ಗೇಣಿ ಭೂಮಿ 1974ರ ಭೂಸುಧಾರಣೆ ಕಾನೂನಿನಲ್ಲಿ ಒಕ್ಕಲುಗಳಿಗೆ ಹೋಯಿತು. ಅದು ಹೋಗಬೇಕಾದ್ದೇ. ಆದರೆ "ಗದ್ದೆ ಹೋದ ಹಾಗೆ ಮನೆಯೂ ಹೋದರೆ?" ಎಂಬ ಮಾತು ನಮ್ಮ ಜಿಲ್ಲೆಯ ಎಷ್ಟೋ ಮನೆಯ ಅಜ್ಜಿಯರ ಬಾಯಲ್ಲಿ ಇಂದಿಗೂ ಉಂಟು. ಹನ್ನೊಂದು ತಿಂಗಳ ಕರಾರು ಮುಗಿದ ಮರುದಿನವೇ ಹೊಸ ಸ್ಟ್ಯಾಂಪ್ ಪೇಪರ್ ಹಿಡಿದು ನಿಲ್ಲುವುದು ಸುಮ್ನೆ ಅಲ್ಲ.

ಆಗ ಮೇಲಿದ್ದವರು ಸಿಟಿ ಬಸ್ಸಿನ ಡ್ರೈವರ್, ಅವರ ಹೆಂಡತಿ, ಒಂದು ಮಗು. ಬಸ್ಸು ಅವರ ಒಂದು ಕೆಲಸ. ಇನ್ನೊಂದು ಅಂಡರ್ ಆರ್ಮ್ ಕ್ರಿಕೆಟ್, ಕೈ ಕೆಳಗಿನಿಂದ ಚೆಂಡು ಎಸೆಯುವ ಆಟ. ನಮ್ಮ ಕರಾವಳಿಯಲ್ಲಿ ಬೇಸಿಗೆ ಎಂದರೆ ಗದ್ದೆ ಒಣಗಬೇಕು, ಟ್ಯೂಬ್‌ಲೈಟ್ ಕಟ್ಟಬೇಕು, ಮೈಕಿನಲ್ಲಿ ಕಾಮೆಂಟರಿ ಕೂಗಬೇಕು, ಬೆಳಗಿನ ಜಾವದವರೆಗೆ ಆಟ ಆಗಬೇಕು. ಅವರು ಎರಡು ಮೂರು ತಂಡಗಳಿಗೆ ಬೌಲಿಂಗ್ ಮಾಡುತ್ತಿದ್ದರು. ಸಣ್ಣ ಸಂಭಾವನೆ, ಗೆದ್ದರೆ ಪಾಲು. ಎಷ್ಟು ಸಿಗುತ್ತಿತ್ತೋ ಕೇಳಿಲ್ಲ, ಆದರೆ ಶಾಲೆಯ ಫೀಸು ಅದರಿಂದಲೇ ಎಂದು ಹೇಳಿದ್ದು ನೆನಪಿದೆ. 2020ರಲ್ಲಿ ಬಸ್ಸೂ ನಿಂತಿತು, ಗದ್ದೆಯ ಆಟವೂ ನಿಂತಿತು. ಸಂಜೆ ಐದಕ್ಕೆ ತಾರಸಿಯಲ್ಲಿ ನೀರಿನ ಟ್ಯಾಂಕಿಯ ಗೋಡೆಗೆ ಟೆನ್ನಿಸ್ ಚೆಂಡು ಎಸೆಯುತ್ತಿದ್ದರು. ಟಪ್, ಟಪ್, ಟಪ್. ನಾನು ಕೆಳಗೆ ಕುಳಿತು 'ಲಾಕ್‌ಡೌನ್‌ನಲ್ಲಿ ಮನಸ್ಸನ್ನು ಹಗುರ ಇಡುವುದು ಹೇಗೆ' ಎಂಬ ಲೇಖನ ತಿದ್ದುತ್ತಿದ್ದೆ.

ಅಮ್ಮನ ಬಾಡಿಗೆ ಪುಸ್ತಕ ಈಗ ನನ್ನ ಮೇಜಿನ ಮೇಲೆ ಉಂಟು. ಕೆಂಪು ರಟ್ಟಿನ ಉದ್ದ ಪುಸ್ತಕ. 2020ರ ಪುಟದಲ್ಲಿ ಹೀಗಿದೆ: ಏಪ್ರಿಲ್, ಬಂದಿಲ್ಲ. ಮೇ, 2,000, ಹಲಸು 1. ಜೂನ್, 3,000. ಜುಲೈ, ಬಂದಿಲ್ಲ. ಆಗಸ್ಟ್, ಪೂರ್ತಿ. ಆಮೇಲೆ ಎಲ್ಲವೂ ಪೂರ್ತಿ. ಹಲಸಿನ ಎದುರು ಮೊತ್ತದ ಕಾಲಂ ಖಾಲಿ. ಆಗಸ್ಟ್‌ನಲ್ಲಿ ಪೂರ್ತಿ ಹೇಗೆ ಬಂತು ಎಂದು ನಾನು ಯೋಚಿಸಲಿಲ್ಲ. ಡ್ರೈವರ್ ಹೆಂಡತಿಯ ಕೈಯಲ್ಲಿ ಬಳೆ ಇಲ್ಲದ್ದನ್ನು ಅಮ್ಮ ನೋಡಿದ್ದರು. ಒಂದು ದಿನ ನಾನು ಧೈರ್ಯ ಮಾಡಿ, ಬಾಕಿ ಬಿಟ್ಟುಬಿಡೋಣ ಎಂದೆ. "ನಿನ್ನ ಅರ್ಧ ಸಂಬಳದಿಂದ ನೀನು ಕೊಡ್ತೀಯಾ?" ಎಂದರು. ಸುಮ್ಮನಾದೆ. ಪತ್ರಿಕೆಯಲ್ಲಿ ಬಾಡಿಗೆ ಮನ್ನಾ ಬಗ್ಗೆ ಸಂಪಾದಕೀಯ ಬರೆದದ್ದೂ ಇದೇ ನಾನು.

ಆ 132ರ ದಿನ ಮೇಲಿನ ಮನೆಯವರ ಟಿವಿಗೆ ರೀಚಾರ್ಜ್ ಇರಲಿಲ್ಲ. ಮಾಸ್ಕ್ ಹಾಕಿಕೊಂಡು ನಮ್ಮ ಜಗಲಿಯಲ್ಲಿ ನಿಂತು ಕಿಟಕಿಯಿಂದ ನೋಡಿದರು. ಬೆಳಿಗ್ಗೆ ಬಾಕಿ ಕೇಳಿದ್ದ ಅಮ್ಮ ರಾತ್ರಿ ಚಾ ಕೊಟ್ಟರು. ಕ್ರಿಕೆಟ್ ಗೊತ್ತಿಲ್ಲದ ಅಮ್ಮ ಒಂದೇ ಪ್ರಶ್ನೆ ಕೇಳಿದ್ದು: "ಈ ಹುಡುಗ ಸುರತ್ಕಲ್‌ನವನಂತಲ್ಲ, ಇವನದ್ದು ಸ್ವಂತ ಮನೆಯಾ, ಬಾಡಿಗೆಯಾ?" ಇವರು ಕಿಟಕಿಯ ಆಚೆಯಿಂದ, "ಈಗ ಎಲ್ಲರೂ ಹೋಟೆಲಿನಲ್ಲಿ ಅಮ್ಮಾ" ಎಂದರು.

ನನ್ನ ನಾಚಿಕೆ ಇರುವುದು ಇಲ್ಲಿ. ನಾಲ್ಕು ಒಳಪುಟ ತುಂಬಾ ನಾವು ಹಾಕಿದ್ದು ರನ್ನು, ವಿಕೆಟ್ಟು, ಬಬಲ್‌ನ ಊಟದ ಮೆನು. ಆಟ ಎಂದರೆ ಆ ಮೂರು ಮೈದಾನ ಮಾತ್ರ ಎಂದುಕೊಂಡೆವು. ಆ ಸಾಲಿನ ರಣಜಿ ಟ್ರೋಫಿ ನಡೆಯಲೇ ಇಲ್ಲ, 87 ವರ್ಷದಲ್ಲಿ ಮೊದಲ ಸಲ. ಆಗ ರಣಜಿ ಆಟಗಾರನಿಗೆ ದಿನಕ್ಕೆ 35,000, ಅಂದರೆ ನಾಲ್ಕು ದಿನದ ಪಂದ್ಯಕ್ಕೆ 1.40 ಲಕ್ಷ. ಐಪಿಎಲ್ ಕರಾರು ಇಲ್ಲದವರಿಗೆ ವರ್ಷದ ಮುಖ್ಯ ಆದಾಯವೇ ಅದು. ಕ್ರಿಕೆಟ್ ಮಂಡಳಿ ಶೇಕಡಾ 50 ಪರಿಹಾರ ಘೋಷಿಸಿದ್ದು 2021ರ ಸೆಪ್ಟೆಂಬರ್‌ನಲ್ಲಿ. ಅಷ್ಟರವರೆಗೆ ಅವರ ಮನೆ ಮಾಲೀಕರು ಕಾದರಾ? ನಾವು ಕೇಳಲಿಲ್ಲ.

ಕಬಡ್ಡಿ ಇನ್ನೂ ಕಷ್ಟ. ಪ್ರೊ ಕಬಡ್ಡಿ 2019ರ ಅಕ್ಟೋಬರ್‌ನಲ್ಲಿ ಮುಗಿದದ್ದು ಮತ್ತೆ ಶುರುವಾದದ್ದು 2021ರ ಡಿಸೆಂಬರ್ 22ಕ್ಕೆ, ಬೆಂಗಳೂರಿನ ವೈಟ್‌ಫೀಲ್ಡ್‌ನ ಒಂದು ಹೋಟೆಲಿನೊಳಗೆ, ಪ್ರೇಕ್ಷಕರಿಲ್ಲದೆ. ಮೈ ಮುಟ್ಟಿಯೇ ಆಡುವ ಆಟಕ್ಕೆ ದೂರ ನಿಲ್ಲಿ ಎಂದರೆ ಏನು ಮಾಡುವುದು? ಆ ಸೀಸನ್‌ನಲ್ಲಿ ನಮ್ಮ ಪುತ್ತೂರಿನ ಪ್ರಶಾಂತ್ ರೈ ನಾಯಕತ್ವದ ಪಟ್ನಾ, ಫೈನಲ್‌ನಲ್ಲಿ ಡೆಲ್ಲಿಗೆ 36–37ರಿಂದ ಸೋತಿತು. ಒಂದೇ ಒಂದು ಅಂಕ! ಅದನ್ನು ದೊಡ್ಡದಾಗಿ ಬರೆದೆವು. ನಡುವಿನ ಎರಡು ವರ್ಷ ಊರೂರಿನ ಮ್ಯಾಟ್ ಕಬಡ್ಡಿ ಹುಡುಗರು ಯಾವ ಕೆಲಸಕ್ಕೆ ಹೋದರು ಎಂದು ಒಂದು ಸಾಲೂ ಬರೆಯಲಿಲ್ಲ. ನಿಮ್ಮಂಥ ಟ್ರೇನರ್‌ಗಳ ಬಗ್ಗೆಯೂ ಇಲ್ಲ. ನೀವು ಆಟದ ವಿರುದ್ಧ ಬಾಡಿಗೆಯನ್ನು ನಿಲ್ಲಿಸಿದ್ದೀರಿ. ನನಗೆ ಈಗ ಅನಿಸುವುದು, ಅದು ಒಂದೇ ಸುದ್ದಿ ಆಗಿತ್ತು, ನಾವು ಅದನ್ನು ಎರಡು ವಿಭಾಗಕ್ಕೆ ಹಂಚಿದೆವು. ಕ್ರೀಡೆಯವರು ಸ್ಕೋರ್ ಬರೆದರು, ವಾಣಿಜ್ಯದವರು ರೆಪೊ ದರ ಬರೆದರು. ತಾರಸಿಯ ಟಪ್ ಟಪ್ ಯಾರ ಪಾಲಿಗೂ ಬರಲಿಲ್ಲ.

ಈಗಿನ ಬಾಡಿಗೆಯ ಬಗ್ಗೆ ಕೊನೆಗೆ ಕೇಳಿದ್ದೀರಿ. ಆಗ ಮಣಿಪಾಲದಲ್ಲಿ ವಿದ್ಯಾರ್ಥಿಗಳು ಊರಿಗೆ ಹೋಗಿ ಪಿಜಿಗಳ ಗೇಟಿನಲ್ಲಿ 'ಟು ಲೆಟ್' ಬೋರ್ಡು ಸಾಲಾಗಿ ನೇತಾಡಿದ್ದು ನಾನೂ ನೋಡಿದ್ದೇನೆ. ದೇರಳಕಟ್ಟೆಯಲ್ಲೂ ಹಾಗೇ. ಕಾಲೇಜು ತೆರೆದ ಕೂಡಲೇ ಬೋರ್ಡು ಮಾಯ, ಮಾಲೀಕರು ಹೋದ ಎರಡು ವರ್ಷವನ್ನೂ ಸೇರಿಸಿ ಕೇಳಿದರು. 2022ರ ಮೇ ತಿಂಗಳಿಂದ ರೆಪೊ ದರ, ಅಂದರೆ ರಿಸರ್ವ್ ಬ್ಯಾಂಕ್ ಬ್ಯಾಂಕುಗಳಿಗೆ ಸಾಲ ಕೊಡುವ ಬಡ್ಡಿ, ಶೇಕಡಾ 4ರಿಂದ ಏರುತ್ತಾ 2023ರ ಫೆಬ್ರವರಿಗೆ 6.5 ಆಯಿತು, ಸಾಲ ಇದ್ದ ಮಾಲೀಕರು ಅದನ್ನೂ ಬಾಡಿಗೆಗೆ ಸೇರಿಸಿದರು. ವಾಸದ ಮನೆಗೆ ಎರಡು ತಿಂಗಳಿಗಿಂತ ಜಾಸ್ತಿ ಅಡ್ವಾನ್ಸ್ ಬೇಡ ಎನ್ನುವ ಮಾದರಿ ಬಾಡಿಗೆ ಕಾಯ್ದೆಗೆ ಕೇಂದ್ರ ಸಂಪುಟ 2021ರ ಜೂನ್ 2ರಂದು ಒಪ್ಪಿಗೆ ಕೊಟ್ಟಿದೆ. ಹೆಸರೇ ಹೇಳುವ ಹಾಗೆ ಮಾದರಿ. ರಾಜ್ಯಗಳು ಕಾನೂನು ಮಾಡಿದರೆ ಮಾತ್ರ ಅದಕ್ಕೆ ಜೀವ. ನಿಮ್ಮ ಹಳೆಯ ಮಾಲೀಕರು ಬಣ್ಣದ ಖರ್ಚು ಎಂದು ಅಡ್ವಾನ್ಸ್ ಮುರಿದುಕೊಂಡ ವಿಷಯ ಬರೆದಿದ್ದೀರಿ. ಹೊಸ ಮನೆಗೆ ಹೋಗುವ ಮುಂಚೆ ಗೋಡೆ, ನಲ್ಲಿ, ಬಾಗಿಲಿನ ಫೋಟೊ ತೆಗೆದು ಮಾಲೀಕರಿಗೆ ಅಂದೇ ವಾಟ್ಸಾಪ್ ಮಾಡಿ. ಮಳೆಗಾಲದ ಮೊದಲು ಒಂದು ಸಲ, ಆಮೇಲೆ ಒಂದು ಸಲ. ನಮ್ಮೂರಿನಲ್ಲಿ ಗೋಡೆ ಹಾಳಾಗುವುದು ಬಾಡಿಗೆಯವರಿಂದಲ್ಲ, ಜುಲೈಯಿಂದ.

ನಮ್ಮ ಮೇಲಿನ ಮನೆಯವರು 2022ರಲ್ಲಿ ಸುರತ್ಕಲ್ ಹತ್ತಿರದ ಕುಳಾಯಿ ಕಡೆ ಹೋದರು. ಅಡ್ವಾನ್ಸ್ 30,000, ಬಾಕಿ 25,000. ಅಮ್ಮ ಕೆಂಪು ಪುಸ್ತಕ ತೆರೆದು ಕುಳಿತರು. 5,150 ಎಣಿಸಿ ಮೇಜಿನ ಮೇಲೆ ಇಟ್ಟರು. 150 ಎಂತದ್ದು ಎಂದು ಅವರು ಕೇಳಿದರು. ಹಲಸಿನದ್ದು ಎಂದರು ಅಮ್ಮ. ಅದು ಬಾಡಿಗೆಗೆ ಕೊಟ್ಟದ್ದಲ್ಲ, ಸುಮ್ನೆ ಕೊಟ್ಟದ್ದು ಎಂದರು ಅವರು. ಪುಸ್ತಕದಲ್ಲಿ ಬರೆದಾಗಿದೆ ಎಂದರು ಅಮ್ಮ. ಹೊರಗೆ ಟೆಂಪೊದವನು ಹಾರ್ನ್ ಹೊಡೆಯುತ್ತಿದ್ದ. ಇಬ್ಬರೂ ಹತ್ತು ನಿಮಿಷ ಜಗಳ ಮಾಡಿದರು.

– ಸಂಪಾದಕ