ಟ್ಯಾಬ್‌ನ ಕಪ್ಪು ಬೇರೆ, ಪ್ರೆಸ್‌ನ ಕಪ್ಪು ಬೇರೆ
ಜನರಿಂದ ದುಡ್ಡು ಸೇರಿಸಿ ಅಚ್ಚು ಹಾಕಿಸಬೇಕು ಅಂತಿರೋ ನಿಮ್ಮ ಪತ್ತೇದಾರಿ ಕಾಮಿಕ್ಸ್‌ನಿಂದ ನೀವು ಹಾಕಿದ ಆರೂ ಪುಟ ನೋಡಿದೆ. ಮಳೆ, ನಿಯಾನ್ ಬೋರ್ಡು, ಯಂತ್ರದ ಕೈಯ ಲೇಡಿ ಡಿಟೆಕ್ಟಿವ್, ಎಲ್ಲಾ ಸೊಗಸಾಗಿದೆ. ಆದರೆ "ಬಣ್ಣ ಟ್ಯಾಬ್‌ನಲ್ಲೇ ಮುಗಿದಿದೆ, ದುಡ್ಡು ಸೇರಿದ ತಕ್ಷಣ 46 ಪುಟ ಪ್ರೆಸ್‌ಗೆ" ಅಂದಿದ್ದೀರಲ್ಲ, ಅಲ್ಲೇ ನನಗೆ ಎದೆ ಧಸಕ್ ಅಂದಿತು. ನಾನೂ ಹೀಗೇ ಮಾಡಿ ಕೈ ಸುಟ್ಟುಕೊಂಡವನು.

ನನ್ನ ಕಾಮಿಕ್ಸ್‌ನಲ್ಲಿ ಕೊಲೆಗಾರ ಒಂದು ರೋಬೋ. 14ನೇ ಪುಟದಲ್ಲಿ ಅದರ ಮಣಿಕಟ್ಟಿನ ಮೇಲೆ ಕಡುನೀಲಿ ಗೀರು, ಅದೇ ಸುಳಿವು. ಸ್ಕ್ರೀನ್ ಮೇಲೆ ಎದ್ದು ಕಾಣುತ್ತಿತ್ತು. ಪ್ರಿಂಟ್ ಬಂದಾಗ ಗೀರೂ ಇಲ್ಲ, ಮಣಿಕಟ್ಟೂ ಇಲ್ಲ, ಬರೀ ಕಪ್ಪು. ದುಡ್ಡು ಹಾಕಿದವರೊಬ್ಬರು ಫೋನ್ ಮಾಡಿ "ಕೊನೇಲಿ ಗೀರು ಎಲ್ಲಿಂದ ಉದುರಿತು ಸಾರ್?" ಅಂದರು. ಉಳಿದಿದ್ದ 240 ಪ್ರತಿಗೂ ಕೂತು ಬಿಳಿ ಜೆಲ್ ಪೆನ್ನಲ್ಲಿ ಗೀರು ಎಳೆದೆ. ಗ್ಲಾಸಿ ಆರ್ಟ್ ಪೇಪರ್ ಬೇರೆ, ಇಂಕ್ ಒಣಗದೆ ಎದುರು ಪುಟಕ್ಕೂ ಮೆತ್ತಿಕೊಂಡಿತು.

ಈಗ ಏನು ಮಾಡ್ತೀನಿ ಅಂದರೆ, ಅತಿ ಕಪ್ಪಾದ ಒಂದು ಪುಟವನ್ನು ಅದೇ ಪ್ರೆಸ್‌ನಲ್ಲಿ, ಅದೇ ಪೇಪರ್ ಮೇಲೆ ಮೊದಲೇ ಹಾಕಿಸಿ, ಟ್ಯೂಬ್‌ಲೈಟ್ ಕೆಳಗೆ ನೋಡ್ತೀನಿ. ಆಫ್‌ಸೆಟ್‌ಗೆ (ಪ್ಲೇಟ್ ಮಾಡಿ ಅಚ್ಚು ಹಾಕೋ ವಿಧಾನ) ಹೋಗುವುದಾದರೆ ಡಿಜಿಟಲ್ ಪ್ರಿಂಟರ್‌ನಲ್ಲಿ ತೆಗೆದ ಮಾದರಿ ಪ್ರತಿ ನಂಬಬೇಡಿ. ಎಲ್ಲಾ ಪ್ರತಿಯೂ ಡಿಜಿಟಲ್‌ನಲ್ಲೇ ಆದರೆ ಆ ಚಿಂತೆಯಿಲ್ಲ. ಹಿನ್ನೆಲೆಯ ಕಪ್ಪಿಗೆ ಪ್ರೆಸ್‌ನ ನಾಲ್ಕು ಇಂಕು ಶೇಕಡಾ ಲೆಕ್ಕದಲ್ಲಿ ಹೀಗೆ: ಸಿ (ಸಯಾನ್ ನೀಲಿ) 60, ಎಂ (ಮಜೆಂಟಾ) 40, ವೈ (ಹಳದಿ) 40, ಕೆ (ಕಪ್ಪು) 100, ಒಟ್ಟು 240. ನಾಲ್ಕೂ ಇಂಕ್ 100 ಸುರಿದರೆ ಪುಟ ಪುಟಕ್ಕೆ ಅಂಟುತ್ತೆ. ಹೊಳಪಿಲ್ಲದ ಮ್ಯಾಪ್ಲಿಥೋ ಪೇಪರ್ ಆದರೆ ಇನ್ನೂ ಕಡಿಮೆ ಬೇಕಾಗಬಹುದು, ಪ್ರೆಸ್‌ನವರನ್ನೇ ಕೇಳಿ. ಮಾತಿನ ಅಕ್ಷರಕ್ಕೆ ಮಾತ್ರ ಬರೀ ಕೆ 100, ಇಲ್ಲದಿದ್ದರೆ ಅಂಚಲ್ಲಿ ಬಣ್ಣ ಇಣುಕುತ್ತೆ. ನಿಯಾನ್ ಹಸಿರು ಸ್ಕ್ರೀನ್‌ನಲ್ಲಿ ಕಂಡಹಾಗೆ ಬರೋದೇ ಇಲ್ಲ, ಸುತ್ತಲಿನ ಬಣ್ಣ ಮಂಕು ಮಾಡಿದರೆ ಅದು ತಾನಾಗಿ ಹೊಳೆಯುತ್ತೆ.

ಐಪ್ಯಾಡ್‌ನ ಚಿತ್ರ ಬಿಡಿಸೋ ಆ್ಯಪ್ ಪ್ರೊಕ್ರಿಯೇಟ್‌ನಲ್ಲಿ ಕ್ಯಾನ್ವಾಸ್ ತೆರೆಯುವಾಗಲೇ ಸಿಎಂವೈಕೆ (ಈ ನಾಲ್ಕು ಇಂಕಿನ ಬಣ್ಣದ ಲೆಕ್ಕ) ಆರಿಸಬೇಕು. ಚಿತ್ರ ಬಿಡಿಸಿಯಾದ ಮೇಲೆ ಒದ್ದಾಡಿ ಪ್ರಯೋಜನ ಇಲ್ಲ. ನನಗಂತೂ ಕ್ರಿತಾ ಅನ್ನೋ ಡ್ರಾಯಿಂಗ್ ಸಾಫ್ಟ್‌ವೇರೇ ಸಾಕು, ಪುಕ್ಕಟೆ.

ಇನ್ನು ಮಾತಿನ ಬಲೂನು. ಇಂಗ್ಲಿಷ್ ಕಾಮಿಕ್ಸ್ ನೋಡಿ ಅಳತೆ ತೆಗೆದಿದ್ದೀರಿ ಅನ್ಸುತ್ತೆ. ಅವರದು ಎಲ್ಲಾ ದೊಡ್ಡಕ್ಷರ, ಕೆಳಗೆ ಏನೂ ನೇತಾಡಲ್ಲ. ನಮ್ಮದರಲ್ಲಿ "ಶಸ್ತ್ರಚಿಕಿತ್ಸೆ" ಅಂತ ಬಂದರೆ ಒತ್ತಕ್ಷರ ಕೆಳಗಿನ ಸಾಲಿನ ಗುಡಿಸಿಗೆ ಗುದ್ದುತ್ತೆ. ನಿಮ್ಮ ಎರಡನೇ ಪುಟದಲ್ಲಿ ಆಗಲೇ ಗುದ್ದಿದೆ. ಸಾಲುಗಳ ಅಂತರ ಜಾಸ್ತಿ ಮಾಡಿ, ಮಾತು ಕಡಿಮೆ ಮಾಡಿ. ಕಿರುಚಾಟಕ್ಕೆ ನಮಗೆ ದೊಡ್ಡಕ್ಷರ ಇಲ್ಲ, ಗಾತ್ರ ಮತ್ತು ದಪ್ಪ ಬದಲಿಸಬೇಕು.

46 ಪುಟಕ್ಕೆ ಸೆಂಟರ್ ಪಿನ್ ಹೊಡೆಯೋಕೆ ಆಗಲ್ಲ ಮಾರಾಯ್ರೇ! ಮಡಚಿದ ಒಂದು ಹಾಳೆಗೆ ನಾಲ್ಕು ಪುಟ, ಹಾಗಾಗಿ ನಾಲ್ಕರಿಂದ ಭಾಗ ಆಗಬೇಕು. 44 ಮಾಡಿ ಇಲ್ಲಾ 48.

ದುಡ್ಡಿನ ವಿಷಯ. ಅಮೆರಿಕದ ಅಣ್ಣನ ಹೆಸರಲ್ಲಿ ಕಿಕ್‌ಸ್ಟಾರ್ಟರ್ (ಜನರಿಂದ ದುಡ್ಡು ಸೇರಿಸೋ ಸೈಟ್) ಅಂದಿರಿ. ಅಲ್ಲಿ ಗುರಿ ಮುಟ್ಟದಿದ್ದರೆ ಒಂದು ಕಾಸೂ ಕೈಗೆ ಬರಲ್ಲ. ಮುಟ್ಟಿದರೆ ಅವರದು 5%, ಪೇಮೆಂಟ್ ಕಡಿತ ಬೇರೆ. ಹಾಗಾಗಿ ಗುರಿ ಚಿಕ್ಕದಿಡಿ. ದುಡ್ಡು ಹಾಕಿದವರಿಗೆ ಕೊಡೋ ಪೋಸ್ಟರ್, ಟೀ ಶರ್ಟು ಎಲ್ಲಾ ಕೈಬಿಡಿ. ಪೋಸ್ಟರ್ ಸುತ್ತಿ ಕಳಿಸೋ ಕೊಳವೆ ಮತ್ತು ಕೊರಿಯರ್ ಸೇರಿ ನನಗೆ ಪುಸ್ತಕದ ಬೆಲೆಯನ್ನೇ ದಾಟಿತ್ತು. ಪೋಸ್ಟ್‌ಕಾರ್ಡ್ ಅಳತೆಯ ಚಿತ್ರ ಪುಸ್ತಕದೊಳಗೇ ಇಟ್ಟು ಕಳಿಸಿ, ಜನ ಖುಷಿಪಡ್ತಾರೆ.

ಅಂದಹಾಗೆ, ಐದನೇ ಪುಟದಲ್ಲಿ ಹೆಣದ ಪಕ್ಕ ಏನೋ ಬಿದ್ದಿದೆಯಲ್ಲ, ಅದು ಸುಳಿವಾ ಅಥವಾ ನೆರಳಾ? ನನಗೆ ಫೋನ್‌ನಲ್ಲೇ ಗೊತ್ತಾಗ್ತಿಲ್ಲ.