ಏಪ್ರಿಲ್ ಕೊನೆಯಲ್ಲಿ ಜೆರ್ಮಾಟ್‌ನ ಹಿಮ
ವಯಸ್ಸಾದ ತಂದೆತಾಯಿಯರೊಂದಿಗೆ ಏಪ್ರಿಲ್ ಕೊನೆಯಲ್ಲಿ ಸ್ವಿಟ್ಜರ್‌ಲೆಂಡಿನ ಜೆರ್ಮಾಟ್‌ಗೆ ಹೋದರೆ ಹಿಮ ಸಿಗುವುದೇ, ಸ್ಕೀಯಿಂಗ್ ಕಲಿಯಬಹುದೇ ಎಂದು ಕೇಳಿದ್ದೀರಿ. ಹಿಮ ಖಂಡಿತ ಸಿಗುತ್ತದೆ. ಆದರೆ ಸುಮಾರು 1,600 ಮೀಟರ್ ಎತ್ತರದಲ್ಲಿರುವ ಊರಿನ ಬೀದಿಗಳಲ್ಲಿ ಅದನ್ನು ನಿರೀಕ್ಷಿಸಬೇಡಿ. ಮೇಲೆ ಥಿಯೊಡುಲ್ ಹಿಮನದಿಯ ಮೇಲೆ ಬೇಸಿಗೆಯಲ್ಲೂ ಸ್ಕೀಯಿಂಗ್ ನಡೆಯುತ್ತದೆ. ರಾತ್ರಿ ಹೆಪ್ಪುಗಟ್ಟಿದ ಮೇಲ್ಪದರವು ಬೆಳಿಗ್ಗೆ ಸ್ಕೀಯ ಅಂಚಿಗೆ ಕರಕರ ಎನ್ನುವಷ್ಟು ಗಡುಸಾಗಿದ್ದು, ಬಿಸಿಲೇರಿದಂತೆ ಸ್ವಲ್ಪ ಹೊತ್ತು ಹದವಾಗಿ, ಮಧ್ಯಾಹ್ನದ ನಂತರ ಕೆಳಗಿನ ಇಳಿಜಾರುಗಳಲ್ಲಿ ನೀರೂರಿ ಕಾಲೆಳೆಯತೊಡಗುತ್ತದೆ. ಕಲಿಯುವವರಿಗೆ ನಡುವಿನ ಆ ಹದವೇ ಸರಿ. ತಂದೆತಾಯಿಯರನ್ನು 3,883 ಮೀಟರ್ ಎತ್ತರದ ಕೇಬಲ್ ಕಾರ್ ನಿಲ್ದಾಣಕ್ಕೆ ಒಮ್ಮೆಲೇ ಕರೆದೊಯ್ಯುವ ಬದಲು, 1898ರಿಂದ ಓಡುತ್ತಿರುವ ಗೋರ್ನರ್‌ಗ್ರಾಟ್ ರೈಲಿನಲ್ಲಿ ಕೂರಿಸಿ. 3,089 ಮೀಟರ್‌ವರೆಗೆ ಏರುವ ಆ ದಾರಿಯ ಬಹುಭಾಗದಲ್ಲಿ ಮ್ಯಾಟರ್‌ಹಾರ್ನ್ ಶಿಖರ ಕಿಟಕಿಯಲ್ಲೇ ಕಾಣುತ್ತದೆ. ಹೊರಡುವಾಗ ಬಲಬದಿಯ ಸೀಟು ಹಿಡಿಯಿರಿ, ತಂಪು ಕನ್ನಡಕ ಮರೆಯಬೇಡಿ.