ಮೂರು ತಲೆಮಾರಿನ ಸೀರೆ ಅಂಗಡಿ ಆನ್‌ಲೈನ್‌ಗೆ ಬರಬೇಕೆ?

ಪ್ರಶ್ನೆ: ಇಳಕಲ್‌ನಲ್ಲಿ ನಮ್ಮದು ಅಜ್ಜನ ಕಾಲದಿಂದ ನಡೆದು ಬಂದ ಸೀರೆ ಅಂಗಡಿ. ಮದುವೆಯ ದಿನಗಳನ್ನು ಬಿಟ್ಟರೆ ಗಿರಾಕಿಗಳು ತೀರಾ ಕಡಿಮೆಯಾಗಿದ್ದಾರೆ. ಆನ್‌ಲೈನ್‌ನಲ್ಲಿ ಮಾರೋಣವೆಂದು ಮಗ ಒತ್ತಾಯಿಸುತ್ತಾನೆ. ಮುಟ್ಟಿ ನೋಡದೆ ಸೀರೆಯನ್ನು ಯಾರು ಕೊಳ್ಳುತ್ತಾರೆ? ಈಗಿರುವಂತೆಯೇ ಮುಂದುವರಿಯಲು ಸಾಧ್ಯವಿಲ್ಲವೇ?
– ಓದುಗರೊಬ್ಬರು, ಬಾಗಲಕೋಟೆ ಜಿಲ್ಲೆ

ಉತ್ತರ: ನಿಮ್ಮ ಅನುಮಾನ ಸಹಜವಾದದ್ದೇ, ಕೈಮಗ್ಗದ ಸೀರೆಯ ಗುಣ ಬೆರಳಿಗೆ ತಿಳಿಯುವಷ್ಟು ಕಣ್ಣಿಗೆ ತಿಳಿಯುವುದಿಲ್ಲ. ಆದರೂ ಈಗಿರುವಂತೆಯೇ ಉಳಿಯುವುದು ಕಷ್ಟವೆಂದು ನಾನು ನಂಬಿದ್ದೇನೆ. ಪುಣೆಯಲ್ಲೋ ಬೆಂಗಳೂರಿನಲ್ಲೋ ನೆಲೆಸಿರುವ ನಿಮ್ಮ ಹಳೆಯ ಗಿರಾಕಿಯ ಮಗಳು, ಸೀರೆ ಬೇಕೆನಿಸಿದಾಗ ಊರಿನ ಬಸ್ಸು ಹತ್ತುವ ಮೊದಲು ಮೊಬೈಲಿನಲ್ಲಿ ‘ಇಳಕಲ್ ಸೀರೆ’ ಎಂದು ಹುಡುಕುತ್ತಾಳೆ. ಪವರ್‌ಲೂಮಿನಲ್ಲಿ ಪಾಲಿಯೆಸ್ಟರ್ ನೂಲಿನಿಂದ ತಯಾರಾಗಿ, ಹೆಸರಿಗಷ್ಟೇ ಇಳಕಲ್‌ನದಾದ ಅಗ್ಗದ ಸೀರೆಗಳೂ ಅಲ್ಲಿ ಅವಳಿಗೆ ಸಿಗುತ್ತವೆ. ಅಸಲಿ ಮಾಲು ಇಟ್ಟವರು ಅಲ್ಲಿ ಕಾಣದೇ ಹೋದರೆ, ಅವಳು ಅದನ್ನೇ ಇಳಕಲ್ ಸೀರೆಯೆಂದು ನಂಬುತ್ತಾಳೆ. ಈ ಸೀರೆಗೆ ಭೌಗೋಳಿಕ ಸೂಚಕದ (ಜಿಐ), ಅಂದರೆ ಊರಿನ ಹೆಸರಿಗೆ ಕಾನೂನಿನ ರಕ್ಷಣೆ ಕೊಡುವ ಗುರುತಿನ, ಮಾನ್ಯತೆ ಇರುವುದು ನಿಜ. ಆದರೆ ಆ ಮಾನ್ಯತೆಯೊಂದೇ ಗಿರಾಕಿಯನ್ನು ನಿಮ್ಮ ಅಂಗಡಿಯ ಮೆಟ್ಟಿಲಿಗೆ ಕರೆತರುವುದಿಲ್ಲ.

ಮುಟ್ಟಿ ತಿಳಿಯಬೇಕಾದ ಎಷ್ಟೋ ಸಂಗತಿಗಳನ್ನು ಹತ್ತಿರದಿಂದ ತೆಗೆದ ಚಿತ್ರ ತೋರಿಸಬಲ್ಲದು. ಒಡಲಿನ ಹಾಸಿನ (ಉದ್ದಕ್ಕೆ ಹಾಯುವ) ಎಳೆಗಳನ್ನು ಸೆರಗಿನ ಹಾಸಿನ ಎಳೆಗಳೊಂದಿಗೆ ಕುಣಿಕೆ ಕುಣಿಕೆಯಾಗಿ ಬೆಸೆದ ಕೊಂಡಿಯನ್ನು ಹಗಲು ಬೆಳಕಿನಲ್ಲಿ, ಮೇಲ್ಮೈ ಮತ್ತು ಹಿಮ್ಮೈ ಎರಡೂ ಕಾಣುವಂತೆ ತೆಗೆದು ಹಾಕಿರಿ. ಕೆಂಪು ಸೆರಗಿನ ಮೇಲಿನ ಬಿಳಿಯ ತೆನೆಗಳ ಸಾಲನ್ನೂ ಹಾಗೆಯೇ ತೋರಿಸಿರಿ. ಒಡಲು ಹತ್ತಿಯದೋ, ಸೆರಗು ಅಪ್ಪಟ ರೇಷ್ಮೆಯದೋ ಚಮಕ ಎಂಬ ಕೃತಕ ರೇಷ್ಮೆಯದೋ ಎಂಬುದನ್ನು ಮುಚ್ಚಿಡದೆ ಬರೆಯಿರಿ. ಚಮಕವನ್ನು ರೇಷ್ಮೆಯೆಂದು ಒಮ್ಮೆ ಕಳಿಸಿದರೆ, ಮರಳಿ ಬರುವ ಪಾರ್ಸಲ್ಲಿನ ಖರ್ಚಿಗಿಂತ ಅಂಗಡಿಯ ಹೆಸರಿಗೆ ಆಗುವ ನಷ್ಟ ದೊಡ್ಡದು.

ಮೊದಲೇ ದೊಡ್ಡ ವೆಬ್‌ಸೈಟಿಗೆ ಹಣ ಸುರಿಯಬೇಡಿರಿ. ಪರಿಚಯದ ಗಿರಾಕಿಗಳಿಗೆ ವಾಟ್ಸ್‌ಆ್ಯಪ್ ಬಿಸಿನೆಸ್‌ನ ಕ್ಯಾಟಲಾಗ್, ಗೂಗಲ್ ಮ್ಯಾಪಿನಲ್ಲಿ ಅಂಗಡಿಯ ವಿಳಾಸ, ಹಣಕ್ಕೆ ಯುಪಿಐ – ಇಷ್ಟರಿಂದ ಆರಂಭಿಸಬಹುದು. ಆನ್‌ಲೈನ್ ಮಾರುಕಟ್ಟೆ ಕಂಪನಿಗಳ ಮೂಲಕ ಮಾರುವಾಗ ಮಾತ್ರ ಕಮಿಷನ್ ಮತ್ತು ಮರಳಿ ಬರುವ ಮಾಲಿನ ಖರ್ಚನ್ನು ಲೆಕ್ಕ ಹಾಕಿಯೇ ಬೆಲೆ ಕಟ್ಟಬೇಕು.

ತೆರಿಗೆಗೆ ಹೆದರಿ ಹಿಂಜರಿಯುವ ವ್ಯಾಪಾರಿಗಳೂ ಇದ್ದಾರೆ. ವಾರ್ಷಿಕ ವಹಿವಾಟು 40 ಲಕ್ಷ ರೂಪಾಯಿ ಮೀರದ ಸರಕು ವ್ಯಾಪಾರಿಗಳು 2023ರ ಅಕ್ಟೋಬರ್ 1ರಿಂದ ಜಿಎಸ್‌ಟಿ ನೋಂದಣಿ ಇಲ್ಲದೆಯೇ, ಪ್ಯಾನ್ ಆಧಾರದ ಮೇಲೆ ಜಿಎಸ್‌ಟಿ ಪೋರ್ಟಲಿನಲ್ಲಿ ದಾಖಲಾತಿ ಸಂಖ್ಯೆ ಪಡೆದು, ಇಂಥ ಕಂಪನಿಗಳ ಮೂಲಕ ರಾಜ್ಯದೊಳಗೆ ಮಾರಬಹುದು. ಸೊಲ್ಲಾಪುರಕ್ಕೋ ಪುಣೆಗೋ ಕಳಿಸುವುದಾದರೆ ನಿಯಮ ಬೇರೆ. ಅದನ್ನು ನಿಮ್ಮ ಲೆಕ್ಕಪತ್ರ ನೋಡುವವರಲ್ಲಿ ಮೊದಲೇ ವಿಚಾರಿಸಿರಿ.

ಚಿತ್ರ ತೆಗೆಯುವ, ಉತ್ತರ ಬರೆಯುವ ಕೆಲಸವನ್ನು ಮಗನಿಗೆ ಒಪ್ಪಿಸಿರಿ. ಆದರೆ ದಡಿಯ ವಿನ್ಯಾಸ ಗೋಮಿಯದೋ ಗಾಡಿಯದೋ, ಸೀರೆ ಯಾವ ಓಣಿಯ ಮಗ್ಗದಿಂದ ಬಂದದ್ದು ಎಂಬುದನ್ನು ಅವನ ಪಕ್ಕದಲ್ಲಿ ಕೂತು ನೀವೇ ಹೇಳಿ ಬರೆಯಿಸಬೇಕು.